ಹಳೆಯ ಪಿಕಪ್ ಮತ್ತು ನಮ್ಮ ದಾಕ್ಷಿಣ್ಯ



ಕೊಲ್ಲಿಯಿಂದ ಮರಳಿದ ಮಗ ಬಾಡಿಗೆಗೆ ಓಡಿಸಲು ಹಳೆಯ ಪಿಕಪ್ ಕೊಳ್ಳಬಯಸುತ್ತಾನೆ. ಮನೆಯ ಹೆಣ್ಣುಮಕ್ಕಳ ಒಡವೆ ಮಾರಾಟವಾಗುತ್ತದೆ. ಆದರೆ ಮಾರುವವರು ಪರಿಚಿತರೆಂಬ ದಾಕ್ಷಿಣ್ಯದಿಂದ ನಾವು ಪರೀಕ್ಷೆಗೂ ದಾಖಲೆಗೂ ಒತ್ತಾಯಿಸುವುದಿಲ್ಲ. ಇದು ಸೌಜನ್ಯವೇ?

ಎರಡು ಲಕ್ಷ ಕಿಲೋಮೀಟರ್ ಓಡಿರುವುದು ತಾನಾಗಿಯೇ ದೋಷವಲ್ಲ. ಕಾಲಕಾಲಕ್ಕೆ ಆಯಿಲ್ ಬದಲಿಸಿದ ಡೀಸೆಲ್ ಎಂಜಿನ್ ಇನ್ನೂ ಬಾಳಬಹುದು. ಮೀಟರಿನ ಅಂಕಿಯನ್ನು ತಿದ್ದಲೂ ಸಾಧ್ಯ. ಆದ್ದರಿಂದ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ನೋಡೋಣ. ನೀಲಿ ಹೊಗೆ ನಿಲ್ಲದಿದ್ದರೆ ಅದು ಆಯಿಲನ್ನು ಸುಡುತ್ತಿದೆ ಎಂದರ್ಥ. ಚಾಸಿಸ್‌ನ ತುಕ್ಕನ್ನೂ ಬೆಸುಗೆಯನ್ನೂ ನಮ್ಮದೇ ಮೆಕ್ಯಾನಿಕ್ ಪರೀಕ್ಷಿಸಲಿ.

ಸರಕು ವಾಹನಕ್ಕೆ 8 ವರ್ಷ ಕಳೆದ ಬಳಿಕ ಪ್ರತಿವರ್ಷವೂ ಫಿಟ್‌ನೆಸ್ ಪ್ರಮಾಣಪತ್ರ ನವೀಕರಿಸಬೇಕು. ಆ ಖರ್ಚು, ವಿಮೆ, ಟಯರು, ಗ್ಯಾರೇಜಿನಲ್ಲಿ ನಿಂತ ದಿನಗಳ ನಷ್ಟ ಇವೆಲ್ಲವನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಕೈಯಲ್ಲಿರುವ ಹಣವನ್ನೆಲ್ಲ ಬೆಲೆಗೇ ಸುರಿದವನು ಮೊದಲ ರಿಪೇರಿಗೇ ಸಾಲಗಾರನಾಗುತ್ತಾನೆ.

ಮಾರುವವರಿಗೂ ಒಂದು ಮಾತು. ವಾಹನ ಮಾರಿದರೂ ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ, ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿದೆ. ಹಾಗಿರುವಾಗ ಹೆಸರು ವರ್ಗಾವಣೆಗೆ ಒತ್ತಾಯಿಸುವುದು ಅಪನಂಬಿಕೆಯಲ್ಲ, ಇಬ್ಬರಿಗೂ ರಕ್ಷಣೆ.

ದೋಷವನ್ನು ಮುಚ್ಚಿಡದೆ ಹೇಳುವವರೂ ಸಂಕೋಚವಿಲ್ಲದೆ ಕೇಳುವವರೂ ನಾವಾಗೋಣ. ಲೆಕ್ಕ ಕೂಡದಿದ್ದರೆ ಬೇಡವೆಂದು ಎದ್ದು ಬರೋಣ. ಇಂದು ಬೇಡವೆನ್ನುವ ಮುಜುಗರ ಒಂದು ದಿನದ್ದು. ಕೆಟ್ಟ ವ್ಯಾಪಾರದಿಂದ ಒಡೆದ ಸಂಬಂಧ ಹಾಗಲ್ಲ.