ತಂತಿಯಿಲ್ಲದ ಮಿಡಿತಕ್ಕೆ ಸದ್ದಿನ ಬಲ

1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್ ಬಳಿಯ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅವರು ಆರ್ನೆ ಲಾರ್ಸನ್ ಎಂಬ ರೋಗಿಗೆ ಪೇಸ್‌ಮೇಕರ್ ಅಳವಡಿಸಿದರು. ಪೂರ್ತಿಯಾಗಿ ಮೈಯೊಳಗೇ ಕೂತ ಮೊದಲ ಪೇಸ್‌ಮೇಕರ್ ಅದು. ರೂಪಿಸಿದವರು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್. ಎಪಾಕ್ಸಿ ಎರಕಕ್ಕೆ ಅಚ್ಚಾದದ್ದು ಬೂಟ್ ಪಾಲಿಶ್ ಡಬ್ಬಿ. ಯಂತ್ರ ಕೆಲವೇ ಗಂಟೆಗಳಲ್ಲಿ ನಿಂತಿತು. ಲಾರ್ಸನ್ ಮಾತ್ರ 2001ರವರೆಗೆ ಬದುಕಿದರು, ಒಟ್ಟು 26 ಪೇಸ್‌ಮೇಕರ್‌ಗಳ ನೆರವಿನಿಂದ.

ಈ ಕಥೆ ಹೇಳುವಾಗ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ವಿವರವಿದೆ. ಆ ಮೊದಲ ಯಂತ್ರದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿದ್ದದ್ದು ಮೈಯ ಹೊರಗಿಟ್ಟ ಸುರುಳಿಯಿಂದ, ತಂತಿಯಿಲ್ಲದೆ. ವರ್ಷಗಟ್ಟಲೆ ಬಾಳುವ ಲಿಥಿಯಂ ಬ್ಯಾಟರಿ 1970ರ ದಶಕದಲ್ಲಿ ಬಂದ ಮೇಲೆ ಪೇಸ್‌ಮೇಕರ್ ಲೋಕದಲ್ಲಿ ಆ ಉಪಾಯ ಮೂಲೆ ಸೇರಿತು. ಇಂದಿನ ವಿಚಾರ ಸಂಕಿರಣ ಅದನ್ನೇ ಮತ್ತೆ ಎತ್ತಿಕೊಂಡಿದೆ, ಸುರುಳಿಯ ಬದಲು ಸದ್ದನ್ನು ಹಿಡಿದು.

ಸದ್ದೇ ಏಕೆ? ಮೈಯ ಮೆದು ಭಾಗಗಳಲ್ಲಿ ನೀರಿನಂಶವೇ ಹೆಚ್ಚು. ಅಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. ಹೀಗಾಗಿ 1 ಮೆಗಾಹರ್ಟ್ಸ್ ಅಲ್ಟ್ರಾಸೌಂಡಿನ ಅಲೆಯುದ್ದ ಬರೀ ಒಂದೂವರೆ ಮಿಲಿಮೀಟರ್. ಅದನ್ನು ಹಿಡಿಯಲು ಅಷ್ಟೇ ಚಿಕ್ಕ ಹರಳು ಸಾಕು. ಆಳದ ಒಂದು ಜಾಗಕ್ಕೆ ಅಲೆಗಳನ್ನು ಒಟ್ಟುಗೂಡಿಸುವುದೂ ಸುಲಭ. ರೇಡಿಯೊ ಅಲೆಗೆ ಈ ಸೌಕರ್ಯವಿಲ್ಲ. 1 ಗಿಗಾಹರ್ಟ್ಸ್‌ಗೆ ಏರಿಸಿದರೂ ಮೈಯೊಳಗೆ ಅದರ ಅಲೆಯುದ್ದ ಸೆಂಟಿಮೀಟರ್‌ಗಳಲ್ಲೇ ಉಳಿಯುತ್ತದೆ, ಮೇಲಾಗಿ ಅಂಗಾಂಶ ಅದನ್ನು ಬೇಗ ಹೀರಿಕೊಂಡು ಬಿಸಿಯಾಗುತ್ತದೆ. ಸುರುಳಿಯಿಂದ ಸುರುಳಿಗೆ ಶಕ್ತಿ ದಾಟಿಸುವ ಕ್ರಮ ಚರ್ಮದಡಿಯ ಯಂತ್ರಕ್ಕೆ ಸರಿ. ಒಳಗಿನ ಸುರುಳಿ ಕಿರಿದಾಗಿ ಆಳವೂ ಹೆಚ್ಚಿದರೆ ಸೋಲುತ್ತದೆ. ಬಂದ ಸದ್ದನ್ನು ವಿದ್ಯುತ್ತಾಗಿಸಲು ಪಿಯರ್ ಮತ್ತು ಜಾಕ್ ಕ್ಯೂರಿ ಸಹೋದರರು 1880ರಲ್ಲಿ ಕಂಡುಕೊಂಡ ‘ಪೀಜೋ’ ಗುಣವಿದೆ: ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ.

ಕೇಳಿಸುವ ಸದ್ದನ್ನೂ ಬಿಟ್ಟಿಲ್ಲ. ಮೂತ್ರಕೋಶದ ಒತ್ತಡ ಅಳೆಯುವ ಪುಟ್ಟ ಸಂವೇದಕವನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಸಂಗೀತದಿಂದ ನಡೆಸಿ ತೋರಿಸಿತು. 200ರಿಂದ 500 ಹರ್ಟ್ಸ್ ನಡುವಿನ ತಗ್ಗು ಸ್ವರಕ್ಕೆ ಒಳಗಿನ ಪಟ್ಟಿ ಕಂಪಿಸುತ್ತಿತ್ತು. ಜಾಝ್, ಬ್ಲೂಸ್, ರಾಕ್ ಎಲ್ಲವನ್ನೂ ಹಚ್ಚಿ ನೋಡಿದಾಗ ಗೆದ್ದದ್ದು ರ‍್ಯಾಪ್.

ಗಂಭೀರ ಪ್ರಯತ್ನ ಬರ್ಕ್ಲಿಯದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಿಷೆಲ್ ಮಹರ್ಬಿಜ್, ಹೊಸೆ ಕಾರ್ಮೆನಾ ಮತ್ತು ಸಂಗಡಿಗರು 2013ರಲ್ಲಿ ‘ನ್ಯೂರಲ್ ಡಸ್ಟ್’, ಅಂದರೆ ಅಲ್ಟ್ರಾಸೌಂಡಿನಿಂದ ನಡೆಯುವ ಧೂಳಿನಷ್ಟು ಕಿರಿದಾದ ನರಸಂವೇದಕ, ಎಂಬ ಕಲ್ಪನೆ ಮುಂದಿಟ್ಟರು. ಮೂರು ವರ್ಷದ ನಂತರ ಕೆಲವೇ ಮಿಲಿಮೀಟರ್ ಗಾತ್ರದ ಸಾಧನವೊಂದು ಇಲಿಯ ನರದ ಸಂಕೇತವನ್ನು ಅಲ್ಟ್ರಾಸೌಂಡಿನ ಮೂಲಕವೇ ಹೊರಗೆ ತಿಳಿಸಿತು. 2020ರಲ್ಲಿ ಬಂದದ್ದು ಕೇಳುವ ಸಾಧನವಲ್ಲ, ಪ್ರಚೋದಿಸುವ ಸಾಧನ. ಅದರ ಗಾತ್ರ 1.7 ಘನ ಮಿಲಿಮೀಟರ್.

ಇಲಿಯಿಂದ ಮನುಷ್ಯನ ಹೃದಯಕ್ಕೆ ಬಂದಾಗ ಕಥೆ ಬೇರೆಯಾಗುತ್ತದೆ. ಕ್ಯಾಲಿಫೋರ್ನಿಯಾದ ಇಬಿಆರ್ ಸಿಸ್ಟಮ್ಸ್ ಕಂಪನಿಯ ‘ವೈಸ್’ ವ್ಯವಸ್ಥೆಯಲ್ಲಿ ದೊಡ್ಡ ಅಕ್ಕಿಕಾಳಿನಷ್ಟಿರುವ ಎಲೆಕ್ಟ್ರೋಡನ್ನು ಎಡ ಹೃತ್ಕುಕ್ಷಿಯ ಒಳಗೋಡೆಗೆ ನಾಟುತ್ತಾರೆ. ಬಲಗಡೆಗೆ ರೋಗಿಯ ಮಾಮೂಲಿ ಪೇಸ್‌ಮೇಕರ್ ಇದ್ದೇ ಇರುತ್ತದೆ. ಅದು ಮಿಡಿದದ್ದನ್ನು ಪಕ್ಕೆಲುಬುಗಳ ನಡುವೆ ಚರ್ಮದಡಿ ಕೂತ ಟ್ರಾನ್ಸ್‌ಮಿಟರ್ ಗುರುತಿಸಿ, ಕೆಲವೇ ಮಿಲಿಸೆಕೆಂಡಿನಲ್ಲಿ ಎಡಗಡೆಗೆ ಅಲ್ಟ್ರಾಸೌಂಡ್ ಕಳಿಸುತ್ತದೆ. ಎರಡೂ ಕುಕ್ಷಿಗಳು ಒಟ್ಟಿಗೆ ಕುಗ್ಗುತ್ತವೆ. ಯುರೋಪಿನ ಒಂದು ಆರಂಭಿಕ ಪರೀಕ್ಷೆಯಲ್ಲಿ ಕೆಲವರ ಹೃದಯದ ಸುತ್ತ ರಕ್ತ ತುಂಬಿಕೊಂಡು ಪರೀಕ್ಷೆಯನ್ನೇ ನಿಲ್ಲಿಸಬೇಕಾಯಿತು. ತಪ್ಪು ಸದ್ದಿನದಲ್ಲ, ಎಲೆಕ್ಟ್ರೋಡನ್ನು ಒಳಗೊಯ್ಯುವ ನಳಿಕೆಯದು. ಅದನ್ನು ಬದಲಿಸಿದರು. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಕ ಎಫ್‌ಡಿಎ ವೈಸ್‌ಗೆ ಒಪ್ಪಿಗೆ ಕೊಟ್ಟಿತು.

ಇಲ್ಲಿ ಬ್ಯಾಟರಿ ಎಲ್ಲಿ ಹೋಯಿತು ಎಂದು ಕೇಳಬೇಕು. ಎಲ್ಲೂ ಹೋಗಿಲ್ಲ! ಹೃದಯದೊಳಗಿನ ಎಲೆಕ್ಟ್ರೋಡಿನಲ್ಲಿಲ್ಲ, ಪಕ್ಕೆಯಲ್ಲಿ ಕೂತಿದೆ. ಲೀಡ್ ತಂತಿ ತಲುಪಲಾಗದ ಜಾಗಕ್ಕೆ ಮಿಡಿತ ಮುಟ್ಟಿತು ಎಂಬುದೇ ಲಾಭ, ಅದು ಸಣ್ಣದಲ್ಲ. ‘ಬ್ಯಾಟರಿರಹಿತ’ ಎಂಬ ಜಾಹೀರಾತಿನ ಮಾತನ್ನು ಮಾತ್ರ ಈ ಕ್ಷೇತ್ರ ಕೈಬಿಡುವುದು ಒಳ್ಳೆಯದು.

ಪ್ರಯೋಗಾಲಯದ ನೀರಿನ ತೊಟ್ಟಿಯಲ್ಲಿ ಇಷ್ಟು ಮಿಲಿವ್ಯಾಟ್ ಬಂತು ಎನ್ನುವ ಪ್ರಬಂಧಗಳಿಗೆ ಕೊರತೆಯಿಲ್ಲ. ಕಷ್ಟವಿರುವುದು ಗುರಿ ಹಿಡಿಯುವುದರಲ್ಲಿ. ರೋಗಿ ಉಸಿರಾಡುತ್ತಾನೆ, ಮಗ್ಗುಲು ಬದಲಿಸುತ್ತಾನೆ, ಹೃದಯವಂತೂ ನಿಲ್ಲುವುದೇ ಇಲ್ಲ. ಗಾಳಿ ತುಂಬಿದ ಶ್ವಾಸಕೋಶ ಅಡ್ಡ ಬಂದರೆ ಸದ್ದು ಹಿಂದಿರುಗುತ್ತದೆ, ಮೂಳೆ ಬಂದರೆ ಬಹುಪಾಲು ಸೋರಿಹೋಗುತ್ತದೆ. ಸದ್ದಿಗೆ ಕಿಂಡಿ ಇದೆಯೇ ಎಂದು ನೋಡಿಯೇ ವೈಸ್‌ಗೆ ರೋಗಿಗಳನ್ನು ಆರಿಸುತ್ತಾರೆ. ಕಿಂಡಿ ಇಲ್ಲದವರಿಗೆ ಅದು ಸಿಗದು. ಸದ್ದು ಕಳಿಸುವುದು ಮೈಮೇಲೆ ಅಂಟಿಸುವ ಪಟ್ಟಿಯಾದರೆ ನಡುವೆ ಜೆಲ್ ಬೇಕು, ಅದು ಗಂಟೆಗಟ್ಟಲೆ ಒಣಗದೆ ಇರಬೇಕು. ರೋಗಪತ್ತೆಯ ಸ್ಕ್ಯಾನಿಂಗ್‌ಗೆ ಎಫ್‌ಡಿಎ ಇಟ್ಟ ಮಿತಿ ಚದರ ಸೆಂಟಿಮೀಟರಿಗೆ 720 ಮಿಲಿವ್ಯಾಟ್. ಸಂಶೋಧಕರು ಅದನ್ನು ಧೈರ್ಯವಾಗಿ ಉಲ್ಲೇಖಿಸುತ್ತಾರೆ. ಆದರೆ ಅದು ಸ್ವಲ್ಪ ಹೊತ್ತಿನ ಪರೀಕ್ಷೆಗೆ ಇಟ್ಟ ಲೆಕ್ಕ. ದಿನವಿಡೀ ಒಂದೇ ಕಡೆ ಬೀಳುವ ಸದ್ದಿನಡಿ ಚರ್ಮ, ಮೂಳೆ ಎಷ್ಟು ಬಿಸಿಯಾಗುತ್ತವೆ ಎಂಬುದನ್ನು ಬೇರೆಯಾಗಿಯೇ ಅಳೆಯಬೇಕು. ಹೆಚ್ಚು ಬಳಕೆಯ ಪೀಜೋ ಪಿಂಗಾಣಿಯಲ್ಲಿ ಸೀಸವಿದೆ ಎಂಬುದೂ ಇಲ್ಲಿ ಚರ್ಚೆಗೆ ಬರಲಿ.

ಭಾರತದ ಮಟ್ಟಿಗೆ ಇನ್ನೊಂದು ತೊಡಕು. ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ‘ಭ್ರೂಣಲಿಂಗ ಪತ್ತೆ ಅಪರಾಧ’ ಎಂಬ ಫಲಕ ಎಲ್ಲರೂ ನೋಡಿದ್ದೇ. 1994ರ ಆ ಕಾಯ್ದೆ ಅಲ್ಟ್ರಾಸೌಂಡ್ ಯಂತ್ರಗಳ ಮಾರಾಟ, ನೋಂದಣಿಯ ಮೇಲೆ ಕಣ್ಣಿಟ್ಟಿದೆ. ಚಿತ್ರವನ್ನೇ ತೆಗೆಯದೆ ಶಕ್ತಿಯನ್ನಷ್ಟೇ ಕಳಿಸುವ ಪಟ್ಟಿಯನ್ನು ರೋಗಿ ಮನೆಗೆ ಒಯ್ಯುವಾಗ ಅದನ್ನು ಯಾವ ವರ್ಗಕ್ಕೆ ಸೇರಿಸಬೇಕು ಎಂಬ ಪ್ರಶ್ನೆಯನ್ನು, ಮೊದಲ ಗೋಷ್ಠಿಯಲ್ಲಿ ಎಂಜಿನಿಯರರ ಜೊತೆ ಕೂರುವ ವೈದ್ಯರೂ ಕಾನೂನು ಬಲ್ಲವರೂ ಎತ್ತಿಕೊಳ್ಳಬಹುದು.