ಆಕಳು ಹೋದ ಮನೆ
(ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಹಳ್ಳಿಗಳಿಗೆ ಬಂದಾಗಲೆಲ್ಲ ಮೇವು, ಹಿಂಡಿ, ಗರ್ಭಧಾರಣೆಯ ಬಗ್ಗೆ ಹೇಳುತ್ತಲೇ ಇರುತ್ತೇನೆ. ಇವತ್ತು ಯಾರೂ ಆಡಲು ಇಷ್ಟಪಡದ ಮಾತು. ಆಕಳು ಸತ್ತ ದಿನ ಏನು ಮಾಡಬೇಕು?

2022ರಲ್ಲಿ ರಾಜ್ಯದಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಹುಮನಾಬಾದ್ ಕಡೆಯ ಒಂದು ಮನೆಗೆ ಹೋಗಿದ್ದೆ. ನಸುಕಿನಲ್ಲಿ ಆಕಳು ಸತ್ತಿತ್ತು. ಮನೆಯವರು ಅರಿಶಿನ ಕುಂಕುಮ ಹಚ್ಚಿ, ಹೊಸ ಬಟ್ಟೆ ಹೊದಿಸಿ, ಹೊಲದಲ್ಲಿ ಮಣ್ಣು ಮಾಡಿ ಬಂದಿದ್ದರು. ಅಂಗಳದಲ್ಲಿ ನಿಂತು ನಾನು ಮೊದಲು ಕೇಳಿದ್ದು, "ಕಿವಿಯೋಲೆ ಎಲ್ಲಿ?"

ಅಜ್ಜಿ ನನ್ನ ಮುಖ ನೋಡಿದರು. "ಸತ್ತ ಮಗಳ ಓಲಿ ಬಿಚ್ಚಲಿಕ್ಕೆ ಕೈ ಬರ್ತದೇನ್ರಿ ಸಾಹೇಬ್ರೆ?"

ಕಿವಿಯೋಲೆ ಇಲ್ಲ, ಮರಣೋತ್ತರ ಪರೀಕ್ಷೆ ಆಗಿಲ್ಲ, ವಿಮೆ ಬರಲಿಲ್ಲ. ಆ ವರ್ಷ ಸರ್ಕಾರ ಆಕಳಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಪರಿಹಾರ ಘೋಷಿಸಿತ್ತು. ವೈದ್ಯರು ನೋಡುವ ಮೊದಲೇ ಹೂಳಿದ್ದರಿಂದ ಅದೂ ತಪ್ಪಿತು. ಹಾಲಿನ ಬಟವಾಡೆ ನಿಂತಿತು, ಸಾಲದ ಕಂತು ನಿಲ್ಲಲಿಲ್ಲ. ತಪ್ಪು ಅವರದಲ್ಲ. ಎಷ್ಟೋ ಸಲ ಆ ಮನೆಯ ಚಹಾ ಕುಡಿದಿದ್ದೆ, ಒಮ್ಮೆಯೂ ಇದನ್ನು ಹೇಳಿರಲಿಲ್ಲ.

ಆದ್ದರಿಂದ ಈಗ ಹೇಳುತ್ತೇನೆ. ದನ ಮೇವು ಬಿಟ್ಟ ದಿನವೇ ವೈದ್ಯರಿಗೆ ತಿಳಿಸಿ. ಸತ್ತರೆ ಹೂಳುವ ಮೊದಲು ವೈದ್ಯರಿಗೂ ವಿಮೆಯವರಿಗೂ ಸುದ್ದಿ ಮುಟ್ಟಲಿ. ಓಲೆ ಕಾಣುವಂತೆ ಫೋಟೋ ತೆಗೆಯಿರಿ. ಪೂಜೆ ಮಾಡಿ, ಅಳಿರಿ, ಅದಕ್ಕೆ ಯಾರೂ ಅಡ್ಡಬರುವುದಿಲ್ಲ; ಓಲೆ ಮಾತ್ರ ಮಣ್ಣಿಗೆ ಹೋಗಬಾರದು. ಚರ್ಮಗಂಟಿನಿಂದ ಸತ್ತಿದ್ದರೆ ಬಾವಿ, ಹಳ್ಳಗಳಿಂದ ದೂರ ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ. ಉಳಿದ ದನಗಳಿಗೆ ಲಸಿಕೆ ಹಾಕಿಸಿ. ಇದು ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ರೋಗ.

ಆ ಆಕಳು ಒಂದು ಹೆಣ್ಣುಗರು ಬಿಟ್ಟುಹೋಗಿತ್ತು. 2025ರಲ್ಲಿ ಅದು ಈದಿತು. ಗಿಣ್ಣ ತಿನ್ನಲು ಅಜ್ಜಿ ನನ್ನನ್ನು ಕರೆದರು. ನನ್ನ ಚಾಳಿ ಬಿಡದೆ, "ಕರು ಕುಡಿಯಿತೇ?" ಎಂದೆ. ಹುಟ್ಟಿದ ಒಂದು ತಾಸಿನೊಳಗೆ ಗಿಣ್ಣುಹಾಲು ಹೊಟ್ಟೆಗೆ ಹೋಗಬೇಕು. 25 ಕಿಲೋ ಕರುವಿಗೆ ದಿನಕ್ಕೆ ಎರಡೂವರೆ ಲೀಟರ್, ಎರಡು ಮೂರು ಸಲಕ್ಕೆ ಹಂಚಿ. "ಅದರ ಪಾಲು ಅದಕ್ಕೆ ಕೊಟ್ಟೇ ನಿಮಗ ಮಾಡೇನ್ರಿ" ಎಂದರು.

ತಟ್ಟೆ ಹಿಡಿದು ಕುಳಿತಾಗ ಗೋದಲಿಯ ಮೇಲಿನ ಗೋಡೆ ಕಣ್ಣಿಗೆ ಬಿತ್ತು. ಮೊಮ್ಮಗಳ ಕೈಯಿಂದ ಇದ್ದಲಿನಲ್ಲಿ ಹನ್ನೆರಡು ಅಂಕಿ ಬರೆಸಿದ್ದರು. ಹೊಸ ಆಕಳಿನ ಓಲೆಯ ನಂಬರು.