ಕತ್ತರಿಗೆ ಸಿಕ್ಕ ಖಳ



ಸಿನಿಮಾ ಖಳನ ಬಗ್ಗೆ ಮಾತಾಡಲು ಕರೆದಿದ್ದೀರಿ. ನಾನು ನಾಗಚಂದ್ರನ ರಾವಣನಿಂದ ಶುರುಮಾಡುತ್ತೇನೆ. ಆ ಕವಿಯ ಪಂಪರಾಮಾಯಣದಲ್ಲಿ ಸೀತೆ ಮೂರ್ಛೆ ಹೋದದ್ದನ್ನು ಕಂಡು ರಾವಣನ ಮನಸ್ಸು ತಿಳಿಯಾಗುತ್ತದೆ. ಮಾಡಿದ್ದಕ್ಕೆ ತಾನೇ ನಾಚುತ್ತಾನೆ. ಆದರೂ ಯುದ್ಧಕ್ಕೆ ಹೊರಡುತ್ತಾನೆ. ಗೆದ್ದ ಮೇಲೆ ಸೀತೆಯನ್ನು ಒಪ್ಪಿಸಬೇಕು, ಸೋತು ಒಪ್ಪಿಸಬಾರದು ಎಂಬ ಹಟ. ಈ ಪ್ರಸಂಗವನ್ನು ಕಿತ್ತುಹಾಕಿ ನೋಡಿ: ಯುದ್ಧ ನಡೆಯುತ್ತದೆ, ರಾವಣ ಸಾಯುತ್ತಾನೆ, ಕಥೆಯ ಒಂದು ಕೊಂಡಿಯೂ ಕಳಚುವುದಿಲ್ಲ. ಕಳೆದುಹೋಗುವುದು ರಾವಣನೊಬ್ಬನೇ.

ಸಂಕಲನದ ಮೇಜಿನ ಮೇಲೆ ಖಳನಿಗೆ ಬರುವ ಅಪಾಯವೂ ಇದೇ. ಚಿತ್ರ ಉದ್ದವಾಯಿತೆಂದರೆ ನಾಯಕನ ತಾಯಿಯನ್ನು ಯಾರೂ ಮುಟ್ಟುವುದಿಲ್ಲ. ಖಳನ ಬಾಲ್ಯ, ಖಳನ ಸೆರೆವಾಸ, ಖಳನ ಹೆಂಡತಿ ಮೊದಲು ಹೋಗುತ್ತಾರೆ.

2009ರ 'ಸ್ಟಾರ್ ಟ್ರೆಕ್' ಚಿತ್ರದ ನೀರೋ ಇದಕ್ಕೆ ಒಳ್ಳೆಯ ಸಾಕ್ಷಿ. ಆರಂಭದಲ್ಲೇ ಒಂದು ಹಡಗನ್ನು ನಾಶಮಾಡುವ ಇವನು 25 ವರ್ಷ ಕಳೆದ ಮೇಲೆ ಮತ್ತೆ ಬರುತ್ತಾನೆ. ಅಷ್ಟು ಕಾಲ ಎಲ್ಲಿದ್ದ? ಕ್ಲಿಂಗನ್ನರೆಂಬ ಅನ್ಯಲೋಕದವರ ಸೆರೆಯಲ್ಲಿ, ರೂರಾ ಪೆಂಥೆ ಎಂಬಲ್ಲಿ. ಆ ದೃಶ್ಯಗಳನ್ನು ಚಿತ್ರಿಸಿದ್ದರು, ಆಮೇಲೆ ತೆಗೆದರು. ಅವು ಡಿವಿಡಿಯಲ್ಲಿ ಹೊರಬಂದವು. ಚಿತ್ರದಲ್ಲಿ ಉಳಿದದ್ದು ಅವನ ಹರಿದ ಕಿವಿ ಮತ್ತು ಯಾರೋ ಕದ್ದಾಲಿಸಿದ ಸೆರೆಮನೆಯ ಸುದ್ದಿ. ನಟ ಎರಿಕ್ ಬಾನಾ ಎಷ್ಟು ಅಬ್ಬರಿಸಿದರೂ ಆ 25 ವರ್ಷ ಖಾಲಿಯಾಗಿಯೇ ಉಳಿಯಿತು.

2011ರ 'ಥಾರ್'ನಲ್ಲಿ ನಷ್ಟ ಬೇರೆ ಬಗೆಯದು. ತಂದೆ ಓಡಿನ್ ಎಚ್ಚರವಿಲ್ಲದೆ ಮಲಗಿದಾಗ ತಾಯಿ ಫ್ರಿಗ್ಗಾಳೇ ಖಳ ಲೋಕಿಗೆ ರಾಜ್ಯ ನಿನ್ನದು ಎನ್ನುತ್ತಾಳೆ, ರಾಜನ ಈಟಿ ಅವನ ಕೈಗೆ ಬರುತ್ತದೆ. ಈ ದೃಶ್ಯ ಕತ್ತರಿಗೆ ಸಿಕ್ಕಿತು. ಬಿಡುಗಡೆಯಾದ ಚಿತ್ರದಲ್ಲಿ ಥಾರ್‌ನ ಗೆಳೆಯರು ಒಳಗೆ ಬರುವಾಗ ಲೋಕಿ ಆಗಲೇ ಸಿಂಹಾಸನದ ಮೇಲಿದ್ದಾನೆ. ಉತ್ತರಾಧಿಕಾರಿಯಾಗಿದ್ದವನು ಕಸಿದುಕೊಂಡವನಂತೆ ಕಾಣತೊಡಗಿದ. ದೃಶ್ಯವೊಂದು ಹೋದರೆ ಪಾತ್ರದ ಅಪರಾಧವೇ ಬದಲಾದೀತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ.

ಹಾಗಾದರೆ ಹಿನ್ನೆಲೆ ಹೇಳಿದಷ್ಟೂ ಖಳ ಆಳವಾಗುತ್ತಾನೆಯೆ? ಇಲ್ಲ. ನಮ್ಮ ರಾಮನಗರದ ಬಂಡೆಗಳೇ ಇದಕ್ಕೆ ಉತ್ತರ ಹೇಳುತ್ತವೆ.

ಆ ಬಂಡೆಗಳ ನಡುವೆ ಚಿತ್ರಿಸಿದ ರಮೇಶ್ ಸಿಪ್ಪಿಯವರ 'ಶೋಲೆ'ಯಲ್ಲಿ ಗಬ್ಬರ್‌ ಸಿಂಗನಿಗೆ ಬಾಲ್ಯವಿಲ್ಲ, ಹೆಂಡತಿಯಿಲ್ಲ, ಯಾರೋ ಮಾಡಿದ ಅನ್ಯಾಯದ ಕಥೆಯೂ ಇಲ್ಲ. ಡಕಾಯಿತನಾಗಲು ಕಾರಣ ಬೇಕೇಬೇಕು ಎಂಬ ಹಿಂದಿ ಚಿತ್ರಗಳ ರೂಢಿಯನ್ನು ಚಿತ್ರಕಥೆ ಬರೆದ ಸಲೀಂ-ಜಾವೇದ್ ಪಕ್ಕಕ್ಕಿಟ್ಟರು. ಇಮಾಮ್ ಸಾಹೇಬರ ಮಗ ಅಹ್ಮದ್‌ನನ್ನು ಅವನು ಕೊಲ್ಲುವ ದೃಶ್ಯದ ಚಿತ್ರೀಕರಣವಾಗಿತ್ತು. ಬಿಡುಗಡೆಯ ಪ್ರತಿಯಲ್ಲಿ ಅದಿಲ್ಲ. ಇರುವುದು ಇಷ್ಟು: ಹುಡುಗನನ್ನು ಹಿಡಿದು ತಂದಿದ್ದಾರೆ, ಗಬ್ಬರ್ ಮಲಗಿದಲ್ಲೇ ತೋಳಿನ ಮೇಲೆ ಹರಿಯುವ ಇರುವೆಯನ್ನು ನೋಡುತ್ತಾನೆ, ಹೊಸಕುತ್ತಾನೆ. ಮುಂದೆ ಕುದುರೆ ಹೆಣ ಹೊತ್ತು ಊರಿಗೆ ಬರುತ್ತದೆ. ಆ ಕೊಲೆ ತೆರೆಯ ಮೇಲೆ ನಡೆದಿದ್ದರೆ ಗಬ್ಬರ್ ಇನ್ನೊಬ್ಬ ಕಟುಕ. ಇರುವೆಯಿಂದಾಗಿ ಅವನು ಬೇಸರ ಕಳೆಯಲು ಕೊಲ್ಲುವವನಾದ. ನೀರೋನ ಹರಿದ ಕಿವಿಗೂ ಈ ಇರುವೆಗೂ ಇರುವ ಅಂತರ ಗಮನಿಸಿ. ಎರಡೂ ತೆಗೆದ ದೃಶ್ಯದ ಗುರುತುಗಳೇ. ಒಂದು ಗುರುತು ಕಥೆಯನ್ನು ಬೇಡುತ್ತದೆ. ಇನ್ನೊಂದಕ್ಕೆ ಯಾವ ಕಥೆಯೂ ಬೇಡ.

ಇನ್ನು ಕೊನೆಯ ದೃಶ್ಯ. ಗಬ್ಬರನಿಂದ ಮನೆಯವರನ್ನು ಕಳೆದುಕೊಂಡ ಮಾಜಿ ಪೊಲೀಸ್ ಅಧಿಕಾರಿ ಠಾಕೂರ್ ಮೊಳೆ ಹೊಡೆದ ಜೋಡಿನಿಂದ ತುಳಿದು ಗಬ್ಬರನನ್ನು ಕೊಲ್ಲುವುದು ಮೊದಲು ಚಿತ್ರಿಸಿದ ಮುಕ್ತಾಯ. ಕೊಂದ ಮೇಲೆ ಠಾಕೂರ್ ಅಳುತ್ತಾನೆ. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು, ಚಿತ್ರ ಬಿಡುಗಡೆಯಾದದ್ದು ಆಗಸ್ಟ್ 15ಕ್ಕೆ. ಮಾಜಿ ಪೊಲೀಸ್ ಅಧಿಕಾರಿಯೇ ಕಾನೂನನ್ನು ಕೈಗೆತ್ತಿಕೊಳ್ಳುವುದು ಸೆನ್ಸಾರಿಗೆ ಒಪ್ಪಿಗೆಯಾಗಲಿಲ್ಲ. ಪೊಲೀಸರು ಬಂದು ತಡೆಯುವಂತೆ ಮತ್ತೆ ಚಿತ್ರಿಸಿದರು. ಕಾನೂನು ಗೆಲ್ಲಲಿ ಎಂದು ಮಾಡಿದ ಈ ತಿದ್ದುಪಡಿ ಖಳನಿಗೇ ಅನುಕೂಲವಾಯಿತು ಎಂಬುದು ನನ್ನ ಅಭಿಪ್ರಾಯ. ಗಬ್ಬರ್ ಹಿಂದೊಮ್ಮೆ ಜೈಲಿನಿಂದ ತಪ್ಪಿಸಿಕೊಂಡೇ ಠಾಕೂರನ ಮನೆಯವರನ್ನು ಕೊಂದದ್ದು. ಅದನ್ನು ಚಿತ್ರವೇ ತೋರಿಸಿದೆ. ಅಂಥವನನ್ನು ಮತ್ತೆ ಜೈಲಿಗೇ ಒಪ್ಪಿಸಿದರೆ ನಂಬುವವರಾರು? ಸೆನ್ಸಾರಿನಿಂದ ನಿಜವಾಗಿ ಪೆಟ್ಟು ತಿಂದವನು ಠಾಕೂರ್. ಸೇಡು ತೀರಿದ ಮೇಲೂ ಏನೂ ಸಿಗಲಿಲ್ಲವೆಂಬ ಅವನ ಅಳು ಬಿಡುಗಡೆಯಾದ ಪ್ರತಿಯಲ್ಲಿ ನಮಗೆ ಕಾಣಲಿಲ್ಲ. ಖಳನ ಸಾವನ್ನು ಕತ್ತರಿಸಿದರೆ ನಾಯಕನ ಆಳವೂ ಕಡಿಮೆಯಾದೀತೆಂದು ಸಂಕಲನದ ಪಾಠಗಳಲ್ಲಿ ಹೇಳಿಕೊಡಬೇಕು.

2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಮೂಲ ಮುಕ್ತಾಯವಿರುವ ಪುನರುಜ್ಜೀವಿತ ಪ್ರತಿ ಪ್ರದರ್ಶನವಾಯಿತು. ಮೂಲ ನೆಗೆಟಿವ್ ಹಾಳಾಗಿತ್ತು; ಬ್ರಿಟನ್ನಿನ ಗೋದಾಮೊಂದರಲ್ಲಿ ಉಳಿದಿದ್ದ ಸಾಮಗ್ರಿ ನೆರವಿಗೆ ಬಂತು. ಅದು ಅಲ್ಲಿ ಇರದಿದ್ದರೆ ಈ ಪುನರುಜ್ಜೀವನ ಇನ್ನೂ ಕಷ್ಟವಾಗುತ್ತಿತ್ತು.

ಈ ಸಭೆಯಲ್ಲಿ ಕನ್ನಡದ ನಿರ್ಮಾಪಕರೂ ಸಂಕಲನಕಾರರೂ ಇದ್ದೀರಿ. ನಿಮ್ಮಲ್ಲಿ ಒಂದು ವಿನಂತಿ: ತೆಗೆದ ದೃಶ್ಯವನ್ನು ಅಳಿಸಬೇಡಿ, ಯಾಕೆ ತೆಗೆದಿರೆಂದು ಒಂದು ಸಾಲು ಬರೆದು ಅದರ ಜೊತೆಗೇ ಇಡಿ.